ಸೊನ್ನೆ ಬರೆದವರು

2020ರ ಏಪ್ರಿಲ್ ತಿಂಗಳ ಮೂರನೆಯ ವಾರ. ಲೋಕಲ್ ರೈಲುಗಳು ನಿಂತು ತಿಂಗಳಾಗುತ್ತ ಬಂದಿತ್ತು. ಬೆಳಗಿನಿಂದ ಮಧ್ಯರಾತ್ರಿಯವರೆಗೆ ಗಿಜಿಗುಡುವ ಡೊಂಬಿವಲಿಯಲ್ಲಿ ಕೋಗಿಲೆಯ ದನಿ ಕೇಳುವಷ್ಟು ಮೌನವಿತ್ತು. ಅಂಥ ಒಂದು ಮಧ್ಯಾಹ್ನ ನಮಗೆ ಒಂದು ದೂರವಾಣಿ ಕರೆ ಬಂತು. ಮಾತಾಡಿದವರು ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯೊಂದರಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತರಾದ 78 ವರ್ಷದ ಟೀಚರ್.

“ನೀವೆಲ್ಲ ಸೇರಿ ಪ್ರಾಯದವರಿಗೆ ಫೋನ್ ಮಾಡ್ತಾ ಇದ್ದೀರಂತೆ ಅಲ್ವಾ ಮಗಾ? ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯವರಿಗೆ ಎರಡು ಸಲ ಬಂತಂತೆ. ಅವರ ಮನೆಯಲ್ಲಿ ಆರು ಜನ ಉಂಟು. ನಾನು ಒಬ್ಬಳೇ ಇರುವವಳು, ನನಗೆ ಬರ್ಲೇ ಇಲ್ಲ. ಬೇಜಾರಿಗೆ ಹೇಳಿದ್ದಲ್ಲ. ಹೆಸರು ಬಿಟ್ಟು ಹೋಗಿರಬಹುದು ಅಂತ ಹೇಳಿದೆ ಅಷ್ಟೆ.”

ಹೆಸರು ಬಿಟ್ಟು ಹೋಗಲು ಸಾಧ್ಯವೇ ಇಲ್ಲ ಎಂಬ ನಂಬಿಕೆ ನಮ್ಮದು. ಪಟ್ಟಿಯನ್ನು ಸೋಸಿದ್ದು ಮನುಷ್ಯನ ಕಣ್ಣಲ್ಲ, ನಾವೇ ಬರೆದ ಒಂದು ಸಾಲಿನ ಪ್ರೋಗ್ರಾಂ. (‘ನಾವು’ ಎಂದು ಬರೆಯುವುದು ದೊಡ್ಡಸ್ತಿಕೆಯಿಂದಲ್ಲ. ಸರಕಾರಿ ಟಿಪ್ಪಣಿಗಳಲ್ಲಿ ‘ನಾನು’ ಎಂದು ಬರೆದು ನಮಗೆ ರೂಢಿಯಿಲ್ಲ. ಈ ಬರಹದ ತಪ್ಪು ಮಾತ್ರ ಒಬ್ಬರದೇ.) ಆದರೂ ಕಪಾಟಿನಿಂದ ಹಳೆಯ ರಿಜಿಸ್ಟರನ್ನು ತೆಗೆದು ನೋಡಿದೆವು. ಟೀಚರ ಹೆಸರು ಅಲ್ಲಿತ್ತು. ಎದುರಿಗೆ ‘ಮನೆಯಲ್ಲಿ ಜೊತೆಗಿರುವವರು ಎಷ್ಟು ಮಂದಿ?’ ಎಂಬ ಪ್ರಶ್ನೆಗೆ ಅವರದೇ ದುಂಡನೆಯ ಅಕ್ಷರದಲ್ಲಿ ಉತ್ತರವೂ ಇತ್ತು: 0.

ಆ ಸೊನ್ನೆಯನ್ನು ನೋಡಿದ ಕೂಡಲೇ ತಪ್ಪು ಎಲ್ಲಿದೆಯೆಂದು ತಿಳಿಯಿತು. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಿಂದಿನ ವರ್ಷದ ರಾಜ್ಯೋತ್ಸವಕ್ಕೆ ಹಿರಿಯರನ್ನು ಗೌರವಿಸೋಣವೆಂದು ನಮ್ಮ ಬಳಗದವರು ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿಮುಂಬಯಿಯ ಕನ್ನಡಿಗರ ಮನೆಗಳಿಗೆ ಹೋಗಿ ಒಂದು ಫಾರ್ಮ್ ತುಂಬಿಸಿಕೊಂಡಿದ್ದರು. ಒಟ್ಟು 214 ಮನೆಗಳು. ಮನೆಬಾಗಿಲು ಮುಚ್ಚಿದ ಕಾಲ ಬಂದಾಗ ಆ ಫಾರ್ಮುಗಳು ನೆನಪಾದವು. ಔಷಧ, ಹಾಲು, ರೇಷನ್ನು ಕೇಳುವುದಕ್ಕೆ ಒಬ್ಬರು ಬೇಕಲ್ಲ; ದಿನಕ್ಕೊಂದು ಕರೆ ಮಾಡೋಣ, ಜೊತೆಯಲ್ಲಿ ಕಡಿಮೆ ಜನರಿರುವ ಮನೆಗೆ ಮೊದಲು ಮಾಡೋಣ ಎಂದು ನಿಶ್ಚಯವಾಯಿತು. ಫಾರ್ಮಿನಲ್ಲಿ ಕೆಲವರು ಆ ಪ್ರಶ್ನೆಗೆ ಉತ್ತರವನ್ನೇ ಬರೆದಿರಲಿಲ್ಲ. ಅಂಥವರ ವಿಷಯವನ್ನು ನೆರೆಹೊರೆಯವರಿಂದ ತಿಳಿಯುವ ಕೆಲಸವನ್ನು ಐರೋಲಿಯ ಒಬ್ಬ ಸ್ನೇಹಿತರು ವಹಿಸಿಕೊಂಡು, ಕಾಗದದಿಂದಲೇ ಖಾಲಿ ಬಿಟ್ಟವರ 31 ಹೆಸರುಗಳನ್ನು ಗುರುತು ಹಾಕಿಕೊಂಡರು. ಉಳಿದವರ ಪಟ್ಟಿಯನ್ನು ಸೋಸಿ, ಅನುಕ್ರಮಕ್ಕೆ ತಂದು 12 ಮಂದಿ ಕಾರ್ಯಕರ್ತರಿಗೆ ಹಂಚುವ ಭಾರ ನಮ್ಮ ಮೇಲೆ ಬಿತ್ತು.

ಇಂಗ್ಲಿಷ್ ಎಂ.ಎ. ಮಾಡಿ, ಕೇಂದ್ರ ಸರಕಾರದ ಕಛೇರಿಯೊಂದರಲ್ಲಿ ಕಡತಗಳ ನಡುವೆ ಕೂತವರು ಪೈಥಾನ್ ಕಲಿತದ್ದೇಕೆ ಎಂದು ಓದುಗರು ಕೇಳಬಹುದು. ಡೊಂಬಿವಲಿಯಿಂದ ಥಾಣೆ, ಥಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ಮಾರ್ಗದ ಗಾಡಿ ಹಿಡಿದು ಐರೋಲಿ, ರಬಾಳೆ, ಘನ್ಸೋಲಿ ದಾಟಿ ಬೇಲಾಪುರ: ಇಷ್ಟು ದಾರಿಯಲ್ಲಿ ಹೋಗುತ್ತ ಕಾದಂಬರಿ, ಬರುತ್ತ ಕಾದಂಬರಿ ಓದಿ ದಣಿದು, ಕೊನೆಗೆ ಮೊಬೈಲಿನಲ್ಲಿ ಪಾಠ ನೋಡತೊಡಗಿದೆವು. ಐರೋಲಿಯಲ್ಲಿ ಇಳಿಯುವ ಐಟಿ ಹುಡುಗರ ಹೆಗಲ ಮೇಲಿಂದ ಇಣುಕಿ ಕಲಿತದ್ದೂ ಉಂಟು. ಭಾಷೆಯ ವಿದ್ಯಾರ್ಥಿಗೆ ಅದು ಇನ್ನೊಂದು ಭಾಷೆ, ಅಷ್ಟೆ.

ಪೈಥಾನಿನಲ್ಲಿ ಡಿಕ್ಷನರಿ ಎಂಬ ಒಂದು ರಚನೆಯಿದೆ. ಹೆಸರೇ ಹೇಳುವಂತೆ ಅದು ನಿಘಂಟು. ಕಿಟ್ಟೆಲ್ಲರ 1894ರ ಕೋಶದಲ್ಲಿ ಶಬ್ದವನ್ನು ಹಿಡಿದು ಹೋದರೆ ಅರ್ಥ ಸಿಗುವಂತೆ, ಇಲ್ಲಿ ‘ಕೀ’ ಎಂಬುದನ್ನು ಕೊಟ್ಟರೆ ಅದರ ‘ವ್ಯಾಲ್ಯೂ’ ಸಿಗುತ್ತದೆ. ಒಂದು ಕೀಲಿಕೈಗೆ ಒಂದೇ ಪೆಟ್ಟಿಗೆ. ಅದೇ ಕೀಲಿಯನ್ನು ಮತ್ತೊಮ್ಮೆ ಬಳಸಿದರೆ ಹಳೆಯ ಬೆಲೆ ಅಳಿಸಿ ಹೊಸತು ಕೂರುತ್ತದೆ. ಆದ್ದರಿಂದ ಹೆಸರನ್ನು ಕೀಲಿಯಾಗಿ ಇಡಲಿಲ್ಲ. ಒಂದೇ ಹೆಸರು, ಒಂದೇ ಮನೆತನದ ಇಬ್ಬರು ಈ ಕಡೆ ಧಾರಾಳವಾಗಿ ಸಿಗುತ್ತಾರೆ. ರಿಜಿಸ್ಟರಿನ ಕ್ರಮಸಂಖ್ಯೆಯೇ ಕೀಲಿ, ಜೊತೆಗಿರುವವರ ಸಂಖ್ಯೆ ಅದರ ಬೆಲೆ. ಉತ್ತರ ಬರೆಯದವರಿಗೆ ಪೈಥಾನಿನ ‘ನನ್’ ಎಂಬ ಗುರುತು. ಅದು ‘ಇಲ್ಲಿ ಯಾವ ಬೆಲೆಯೂ ಇಟ್ಟಿಲ್ಲ’ ಎಂಬುದರ ಹೆಸರು. ಅದನ್ನು ಮೊದಲು ತೆಗೆಯಲೇಬೇಕು. ಸಂಖ್ಯೆಯನ್ನೂ ನನ್ ಅನ್ನೂ ಹೋಲಿಸಿ ಅನುಕ್ರಮಕ್ಕೆ ತರಲು ಪೈಥಾನ್ 3 ಒಪ್ಪುವುದಿಲ್ಲ.

ನಾವು ಮೊದಲು ಬರೆದ ಪಾಠ ಹೀಗಿತ್ತು. ವೇರಿಯಬಲ್ಲುಗಳಿಗೆ ಕನ್ನಡ ಹೆಸರಿಡುವ ಅವಕಾಶ 2008ರಲ್ಲಿ ಪೈಥಾನ್ 3 ಬಂದಾಗಿನಿಂದ ಇದೆ. ಭಾಷೆಯ ಸ್ವಂತ ಶಬ್ದಗಳು ಇಂಗ್ಲಿಷಿನವು. ಇಲ್ಲಿ ಅವುಗಳ ಉಚ್ಚಾರವನ್ನು ಕನ್ನಡದಲ್ಲಿ ಬರೆದಿದ್ದೇವೆ.

ಉಳಿದವು = {}
ಫಾರ್ ಮನೆ ಇನ್ ಪಟ್ಟಿ:
    ಇಫ್ ಪಟ್ಟಿ[ಮನೆ] ಈಸ್ ನನ್:
        ಕಂಟಿನ್ಯೂ
    ಉಳಿದವು[ಮನೆ] = ಪಟ್ಟಿ[ಮನೆ]

ಒಂದು ಖಾಲಿ ನಿಘಂಟನ್ನು ಮಾಡಿಕೊ. ಪಟ್ಟಿಯ ಒಂದೊಂದು ಮನೆಯನ್ನೂ ಎತ್ತಿಕೊ. ಬೆಲೆ ನನ್ ಆಗಿದ್ದರೆ ಮುಂದಿನದಕ್ಕೆ ಹೋಗು. ಅಲ್ಲದಿದ್ದರೆ ಹೊಸ ನಿಘಂಟಿನಲ್ಲಿ ಇಡು. ಹೊಸ ನಿಘಂಟು ಏಕೆ, ಹಳೆಯದರಿಂದಲೇ ಕಿತ್ತು ಹಾಕಬಾರದೆ? ಅದನ್ನೂ ಮಾಡಿ ನೋಡಿದ್ದೆವು. ಡಬ್ಬಿಯಲ್ಲಿ ಟಿಸಿ ಟಿಕೆಟು ನೋಡುತ್ತ ಹೋಗುವಾಗಲೇ ಪ್ರಯಾಣಿಕರನ್ನು ಕೆಳಗಿಳಿಸತೊಡಗಿದರೆ ಎಣಿಕೆ ತಪ್ಪುತ್ತದಲ್ಲ, ಹಾಗೆ. ಸುತ್ತುತ್ತಿರುವಾಗಲೇ ನಿಘಂಟಿನ ಗಾತ್ರ ಬದಲಾಯಿತೆಂದು ದೂರಿ ಪೈಥಾನ್ ಅಲ್ಲಿಗೇ ನಿಲ್ಲುತ್ತದೆ. ಒಳ್ಳೆಯ ಗುಣ. ತಪ್ಪು ಮಾಡಿದಾಗ ಕೂಗಿಕೊಳ್ಳುವ ಯಂತ್ರದಿಂದ ಅಪಾಯ ಕಡಿಮೆ.

ಈ ಐದು ಸಾಲುಗಳಲ್ಲಿ ಯಾವ ತಪ್ಪೂ ಇರಲಿಲ್ಲ. ಇದ್ದುದು ನಮ್ಮ ಅಭಿರುಚಿಯಲ್ಲಿ. ‘ಪಟ್ಟಿ[ಮನೆ]’ ಎಂಬುದು ಎರಡು ಸಲ ಬಂದಿತ್ತು, ‘ಕಂಟಿನ್ಯೂ’ ಎಂಬುದು ಗದ್ಯದ ನಡುವಿನ ‘ಅದಿರಲಿ’ ಎಂಬಂತೆ ಕಿರಿಕಿರಿ ಮಾಡುತ್ತಿತ್ತು. ಸಂಕ್ಷೇಪದ ಬಗ್ಗೆ ನಮಗೆ ಮೊದಲಿನಿಂದ ಮೋಹ. ಅರ್ಧ ಮಾತ್ರೆಯ ಉಳಿತಾಯವನ್ನೂ ಹಬ್ಬವೆಂದು ಕಂಡ ವೈಯಾಕರಣರ ಪರಂಪರೆ ಬೇರೆ ಬೆನ್ನಿಗಿದೆ. ಐಟಮ್ಸ್ ಎಂಬುದನ್ನು ಬಳಸಿದರೆ ಕೀಲಿಯೂ ಬೆಲೆಯೂ ಜೋಡಿಯಾಗಿಯೇ ಕೈಗೆ ಬರುತ್ತವೆ, ಮತ್ತೆ ಮತ್ತೆ ಪೆಟ್ಟಿಗೆ ತೆರೆಯಬೇಕಿಲ್ಲ. ಆ ಜೋಡಿಗೆ ‘ಕೆ’, ‘ವಿ’ ಎಂದು ಒಂದಕ್ಷರದ ಹೆಸರಿಡುವುದು ಲೋಕರೂಢಿ. ‘ಮನೆ’, ‘ಜನ’ ಎಂದಿಟ್ಟರೆ ಸಾಲು ಒಂದಿಷ್ಟು ಉದ್ದವಾದರೂ ತಾನೇ ಮಾತಾಡುತ್ತದೆ. ಇಷ್ಟರ ಮಟ್ಟಿಗೆ ನಾವು ಮಾಡಿದ್ದು ಸರಿಯೆಂದೇ ಇಂದಿಗೂ ನಂಬಿದ್ದೇವೆ. ಮುಂದೆ ಹೋಗಿ ಎಲ್ಲವನ್ನೂ ಒಂದೇ ಆವರಣದಲ್ಲಿ ಕೂಡಿಸಿದೆವು:

ಉಳಿದವು = {ಮನೆ: ಜನ ಫಾರ್ ಮನೆ, ಜನ ಇನ್ ಪಟ್ಟಿ.ಐಟಮ್ಸ್() ಇಫ್ ಜನ}

ಈ ಬಗೆಯ ರಚನೆಗೆ ಡಿಕ್ಷನರಿ ಕಾಂಪ್ರಿಹೆನ್ಷನ್ ಎಂದು ಹೆಸರು. ಕಾಂಪ್ರಿಹೆನ್ಷನ್ ಎಂದೊಡನೆ ನಮಗೆ ನೆನಪಾದದ್ದು ಇಂಗ್ಲಿಷ್ ಪರೀಕ್ಷೆಯ ಗದ್ಯಭಾಗ, ಅದರ ಕೆಳಗಿನ ಐದು ಪ್ರಶ್ನೆಗಳು. ಆದರೆ ಈ ಶಬ್ದ ಬಂದದ್ದು ಗಣಿತದ ಗಣಸಿದ್ಧಾಂತದಿಂದ: ಇಂಥ ಗುಣವುಳ್ಳವೆಲ್ಲ ಒಂದು ಗುಂಪು ಎಂದು ಒಂದೇ ಮಾತಿನಲ್ಲಿ ಹಿಡಿಯುವುದು. ಹ್ಯಾಸ್ಕೆಲ್ ಭಾಷೆಯಿಂದ ಪ್ರೇರಣೆ ಪಡೆದು 2000ದಲ್ಲಿ ಪೈಥಾನಿಗೆ ಪಟ್ಟಿಗಳ ಕಾಂಪ್ರಿಹೆನ್ಷನ್ ಬಂತು. ನಿಘಂಟಿನದು 2008ರ ಪೈಥಾನ್ 3ರಲ್ಲಿ, ಆಮೇಲೆ 2010ರಲ್ಲಿ ಹಳೆಯ ಸಾಲಿನ 2.7ಕ್ಕೂ.

ಕನ್ನಡ ಕಿವಿಗೆ ಈ ವಾಕ್ಯ ತಲೆಕೆಳಗು. ಇಂಗ್ಲಿಷಿನಲ್ಲಿ ಮೊದಲು ನಾಮಪದ, ಅದರ ಬಾಲಕ್ಕೆ ಷರತ್ತು. ನಾವು ‘ಸಂಖ್ಯೆ ಗೊತ್ತಿರುವ ಮನೆ’ ಎನ್ನುತ್ತೇವೆ. ಜರಡಿ ಮೊದಲು, ಕಾಳು ಆಮೇಲೆ. ಕೃದಂತ ವಿಶೇಷಣ ನಾಮಪದದ ಬಾಗಿಲಲ್ಲೇ ನಿಂತು ಯಾರು ಒಳಗೆ, ಯಾರು ಹೊರಗೆ ಎಂದು ವಿಚಾರಿಸಿ ಬಿಡುತ್ತದೆ. ಪೈಥಾನಿನ ಸಾಲು ಹಾಗಲ್ಲ. ಇಡುವುದೇನು, ಎಲ್ಲಿಂದ, ಎಂದು ಹೇಳಿ ಮುಗಿಸಿ, ಯಾರನ್ನು ಬಿಡುವುದು ಎಂಬ ಮುಖ್ಯ ಮಾತನ್ನು ಕೊನೆಯ ಎರಡು ಶಬ್ದಗಳಿಗೆ ಬಿಡುತ್ತದೆ. ಓದುವ ಕಣ್ಣು ಅಷ್ಟು ಹೊತ್ತಿಗೆ ದಣಿದಿರುತ್ತದೆ. ಇಂಥ ಸಾಲನ್ನು ಬಾಲದಿಂದ ಓದುವುದು ಕನ್ನಡಿಗರಿಗೆ ಸಹಜ, ಕ್ಷೇಮವೂ ಹೌದು. ಆ ದಿನ ನಾವು ಇಂಗ್ಲಿಷ್ ಎಂ.ಎ.ಯವರ ಹಾಗೆ ಎಡದಿಂದಲೇ ಓದಿದೆವು.

ಬಾಲದಲ್ಲಿದ್ದುದು ‘ಇಫ್ ಜನ’. ಬೆಲೆ ಇದ್ದರೆ ಇಟ್ಟುಕೊ ಎಂದು ನಮ್ಮ ಉದ್ದೇಶ. ಆದರೆ ಪೈಥಾನ್ ‘ಇದೆ’ ಎಂದು ಒಪ್ಪದ ಬೆಲೆಗಳು ಹಲವು: ನನ್ ಒಂದು, ಏನೂ ಬರೆಯದ ಖಾಲಿ ಪದ ಒಂದು, ಖಾಲಿ ಪಟ್ಟಿ ಒಂದು. ಅವುಗಳ ಜೊತೆಗೆ ಸೊನ್ನೆಯೂ ಒಂದು. ಇವೆಲ್ಲವೂ ಷರತ್ತಿನ ಬಾಗಿಲಲ್ಲಿ ಒಂದೇ ಸುಳ್ಳಿಗೆ ಸಮ. ಹೀಗಾಗಿ ಉತ್ತರ ಕೊಡದವರ ಜೊತೆಗೆ, ‘ನನ್ನ ಜೊತೆ ಯಾರೂ ಇಲ್ಲ’ ಎಂದು ಸ್ಪಷ್ಟವಾಗಿ ಉತ್ತರ ಕೊಟ್ಟವರೂ ಉದುರಿದರು. (ಇನ್ನೊಂದು ವಿಪರ್ಯಾಸ: ಫಾರ್ಮಿನ ಅಂಕಿಗಳನ್ನು ಸಂಖ್ಯೆಯಾಗಿ ಪರಿವರ್ತಿಸದೆ ಅಕ್ಷರವಾಗಿಯೇ ಬಿಟ್ಟಿದ್ದರೆ ಆ ಸೊನ್ನೆ ಉಳಿಯುತ್ತಿತ್ತು. ಅಕ್ಷರದ ಸೊನ್ನೆ ಪೈಥಾನಿಗೆ ಖಾಲಿಯಲ್ಲ. ಅಚ್ಚುಕಟ್ಟು ಮಾಡಿದ್ದೇ ಮುಳುವಾಯಿತು.)

ಖಾಲಿ ಬಿಟ್ಟವರು ಐರೋಲಿಯ ಸ್ನೇಹಿತರ ಪಟ್ಟಿಯಲ್ಲಿದ್ದರು. ಸಂಖ್ಯೆ ಬರೆದವರು ನಮ್ಮಲ್ಲಿದ್ದರು. ಸೊನ್ನೆ ಬರೆದ 17 ಮಂದಿ ಎರಡರಲ್ಲೂ ಇರಲಿಲ್ಲ. ಕಡಿಮೆ ಜನರಿರುವ ಮನೆ ಮೊದಲು ಎಂಬ ನಿಯಮದಂತೆ ಪಟ್ಟಿಯ ನೆತ್ತಿಯ ಮೇಲೆ ಇರಬೇಕಾದವರೇ ಅವರು.

ಹೇಳಲು ನಾಚಿಕೆಯಾಗುವ ಮಾತೊಂದಿದೆ. ಸೋಸಿದ ಪಟ್ಟಿಯನ್ನು ತೆರೆದು ನೋಡಿದಾಗ ಎಲ್ಲಕ್ಕಿಂತ ಮೇಲೆ ‘1’ ಇತ್ತು. ಗಂಡ ಹೆಂಡತಿ ಇಬ್ಬರೇ ಇರುವ ಮನೆಗಳು. ಒಂಟಿಯಾಗಿರುವವರು ಒಬ್ಬರೂ ಇಲ್ಲ, ಪರಊರಿನಲ್ಲಿದ್ದರೂ ನಮ್ಮವರು ಹಿರಿಯರನ್ನು ಕೈಬಿಟ್ಟಿಲ್ಲ ಎಂದು ಬಳಗದ ವಾಟ್ಸಾಪ್ ಗುಂಪಿನಲ್ಲಿ ಹೆಮ್ಮೆಯಿಂದ ಬರೆದೆವು. ಹಲವರು ಕೈಮುಗಿದ ಚಿತ್ರ ಹಾಕಿದರು. 214 ಮನೆಗಳಿಂದ 31 ಕಳೆದರೆ 183 ಉಳಿಯಬೇಕು, ನಮ್ಮ ಕೈಯಲ್ಲಿದ್ದುದು 166. ಕಳೆಯುವ ಲೆಕ್ಕವನ್ನು ಯಾರೂ ಮಾಡಲಿಲ್ಲ. ಅಕ್ಕಿ ಗೇರಿದ ಮೇಲೆ ಮೊರದ ಮುಂದೆ ಬಿದ್ದುದನ್ನು ಒಮ್ಮೆ ಕೈಯಾಡಿಸಿ ನೋಡದೆ ಗುಡಿಸುವ ಹೆಂಗಸು ನಮ್ಮ ಊರಿನಲ್ಲಿ ಇರಲಿಲ್ಲ. ಷರತ್ತನ್ನು ತಿರುವಿ ಹಾಕಿ, ಬಿದ್ದವರ ಹೆಸರನ್ನೂ ಮುದ್ರಿಸುವುದಕ್ಕೆ ಇನ್ನೊಂದೇ ಸಾಲು ಸಾಕಿತ್ತು.

ಇದಕ್ಕಿಂತ ಹೆಚ್ಚು ಮುಜುಗರ ನಮ್ಮ ಉದ್ಯೋಗದ ಕಾರಣದಿಂದ. ಸರಕಾರಿ ಕಛೇರಿಯಲ್ಲಿ ದುಡಿದವರಿಗೆ ‘ನಿಲ್ ರಿಪೋರ್ಟ್’ ಎಂದರೇನೆಂದು ಗೊತ್ತು. ಮೇಲಿನಿಂದ ಮಾಹಿತಿ ಕೇಳಿದಾಗ, ಕೊಡುವಂಥದ್ದೇನೂ ಇಲ್ಲದಿದ್ದರೂ ‘ನಿಲ್’ ಎಂದು ಬರೆದು ಸಹಿ ಮಾಡಿ ಕಳಿಸಬೇಕು. ಸುಮ್ಮನಿದ್ದರೆ ಜ್ಞಾಪನಪತ್ರ ಬರುತ್ತದೆ. ಏನೂ ಇಲ್ಲ ಎನ್ನುವುದು ಒಂದು ಉತ್ತರ, ಉತ್ತರವೇ ಇಲ್ಲದಿರುವುದು ಬೇರೆ. ಕಾಲಂ ಖಾಲಿ ಬಿಟ್ಟ ಎಷ್ಟು ಫಾರ್ಮುಗಳನ್ನು ನಾವೇ ಹಿಂದಿರುಗಿಸಿಲ್ಲ! ಕಾಗದದ ಮೇಲೆ ಎಂದೂ ಮಾಡದ ತಪ್ಪನ್ನು ಪರದೆಯ ಮೇಲೆ ಮಾಡಿದೆವು, ಸಾಲು ಚಿಕ್ಕದಾಗಿ ಚೆಂದವಾಗಿ ಕಂಡಿತೆಂಬ ಕಾರಣಕ್ಕೆ.

ಆ ಸಂಜೆ 17 ಮನೆಗಳಿಗೂ ನಾವೇ ಕರೆ ಮಾಡಿದೆವು. ಹೆಚ್ಚಿನವರು ಹೇಗೋ ನಿಭಾಯಿಸಿಕೊಂಡಿದ್ದರು. ನೆರೆಯ ಮರಾಠಿ ಮನೆಯವರು ತರಕಾರಿ ತಂದುಕೊಡುತ್ತಿದ್ದರು, ವಾಚ್‌ಮನ್ ಹಾಲು ತಲುಪಿಸುತ್ತಿದ್ದ. ಒಬ್ಬರು ಫೋನ್ ಎತ್ತಲಿಲ್ಲ. ಮರುದಿನ ತಿಳಿದದ್ದು, ಲಾಕ್‌ಡೌನಿಗೆ ಮುಂಚೆಯೇ ಊರಿಗೆ ಹೋಗಿದ್ದರು. ಕಲ್ಯಾಣದ ಪಶ್ಚಿಮಕ್ಕಿದ್ದ, ವಿಜಯಪುರದ ಕಡೆಯ ಒಬ್ಬ ಕಾಕಾ ಮಾತ್ರ ತಮ್ಮ ಬಿ.ಪಿ. ಗುಳಿಗೆಯ ಮಾತನ್ನು ಬಹಳ ಹೊತ್ತಿನ ಮೇಲೆ ತೆಗೆದರು. “ಅರ್ಧ ಅರ್ಧ ಮಾಡಿ ತಗೊಳಾಕತ್ತೀನಿ ತಮ್ಮಾ. ಹನ್ನೊಂದ ದಿನಾ ಆತು. ಇನ್ನೂ ನಾಕ ದಿನಾ ನಡೀತೈತಿ, ನೀವೇನ ಚಿಂತಿ ಮಾಡಬ್ಯಾಡ್ರಿ.” ನಮ್ಮ ಪಟ್ಟಿ ತಯಾರಾಗಿ ಅಂದಿಗೆ ಒಂಬತ್ತು ದಿನ. ರಾತ್ರಿ ಕಲ್ಯಾಣದ ಒಬ್ಬ ಕಾರ್ಯಕರ್ತರು ಗುಳಿಗೆ ಮುಟ್ಟಿಸಿದರು. ಆ ಒಂಬತ್ತು ದಿನಗಳ ಲೆಕ್ಕವನ್ನು ನಾವು ಅವರಿಗೆ ಹೇಳಲಿಲ್ಲ. ಈಗ ಇಲ್ಲಿ ಹೇಳುತ್ತಿದ್ದೇವೆ.

ರಾತ್ರಿ ಕೂತು ಸಾಲನ್ನು ತಿದ್ದಿದೆವು:

ಉಳಿದವು = {ಮನೆ: ಜನ ಫಾರ್ ಮನೆ, ಜನ ಇನ್ ಪಟ್ಟಿ.ಐಟಮ್ಸ್() ಇಫ್ ಜನ ಈಸ್ ನಾಟ್ ನನ್}

ಮೂರು ಶಬ್ದ ಹೆಚ್ಚಾಯಿತು. ತಿದ್ದಿದ ಮೇಲೆ ಎರಡೂ ಸಾಲುಗಳನ್ನು ಕನ್ನಡದಲ್ಲಿ ಹೇಳಿಕೊಂಡೆವು, ಆಗ ಹೊಳೆದ ಸಂಗತಿಯಿದು. ಇಂಗ್ಲಿಷಿನಲ್ಲಿ ನಿರಾಕರಣೆಗೆ ‘ನಾಟ್’ ಒಂದೇ. ಕನ್ನಡದಲ್ಲಿ ಎರಡು: ಇಲ್ಲ, ಅಲ್ಲ. ಮನೆಯಲ್ಲಿ ಜನ ಇಲ್ಲ ಎನ್ನುವುದು ಇರವಿನ ಮಾತು. ಇದು ಖಾಲಿ ಉತ್ತರ ಅಲ್ಲ ಎನ್ನುವುದು ಗುರುತಿನ ಮಾತು. ಮೊದಲ ಸಾಲು ‘ಜನ ಇಲ್ಲವೋ’ ಎಂದು ಕೇಳಿ ಇಲ್ಲವೆಂದವರನ್ನು ಹೊರಹಾಕಿತು. ಎರಡನೆಯದು ‘ನನ್ ಅಲ್ಲವೋ’ ಎಂದು ಕೇಳಿ ಅಲ್ಲವೆಂದವರನ್ನು ಒಳಗೆ ಕರೆಯಿತು. ಶಾಲೆಗೆ ಹೋಗದ ಮಗುವೂ ಈ ಎರಡನ್ನು ಅದಲುಬದಲು ಮಾಡುವುದಿಲ್ಲ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಮಾತ್ರ ‘ಅದು ನನ್ನ ಪೆನ್ನು ಇಲ್ಲ’ ಎನ್ನುತ್ತಾರೆ, ನಾವು ತಿದ್ದುತ್ತೇವೆ. ಅಂದಿನಿಂದ ಷರತ್ತು ಬರೆಯುವ ಮೊದಲು ಇಲ್ಲಿ ಬೇಕಾದದ್ದು ಇಲ್ಲವೋ ಅಲ್ಲವೋ ಎಂದು ಬಾಯಿಬಿಟ್ಟು ಹೇಳಿಕೊಳ್ಳುವ ಅಭ್ಯಾಸ ನಮಗಾಗಿದೆ.

ಅದೇ ರಾತ್ರಿ ಊರುಗಳ ಜರಡಿಯನ್ನೂ ಪರೀಕ್ಷಿಸಿದೆವು. ಅಲ್ಲಿಯೂ ಹೊಲಿಗೆ ಬಿಟ್ಟಿತ್ತು. ‘ಡೊಂಬಿವಲಿ’ ಎಂದು ಸೋಸಿದರೆ ಕೆಲವು ಡೊಂಬಿವಲಿಗಳು ಬರುತ್ತಿರಲಿಲ್ಲ, ಕಣ್ಣಿಗೆ ಎಲ್ಲವೂ ಒಂದೇ. ಯೂನಿಕೋಡಿನಲ್ಲಿ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಚಿಹ್ನೆಗಳನ್ನು ಒಂದರ ಹಿಂದೊಂದು ಇಟ್ಟೂ ಬರೆಯಬಹುದು. ಕಂಪ್ಯೂಟರಿಗೆ ಅವೆರಡು ಬೇರೆ ಬೇರೆ ಪದ. ‘ಕಲ್ಯಾಣ್’ ಎಂಬುದರ ಕೊನೆಗೆ ಕೆಲವರ ಕೀಬೋರ್ಡು ಕಾಣದ ಒಂದು ಸಂಕೇತವನ್ನು ಅಂಟಿಸಿತ್ತು, ಅಕ್ಷರಗಳು ಕೂಡಿಕೊಳ್ಳದಂತೆ ತಡೆಯುವ ಗುರುತು ಅದು. ಮೊದಲನೆಯದಕ್ಕೆ ನಾರ್ಮಲೈಸ್ ಎಂಬ ಸಿದ್ಧ ಉಪಾಯವಿದೆ. ಎರಡನೆಯದನ್ನು ಬೇರೆಯಾಗಿ ಕಿತ್ತುಹಾಕಬೇಕು. ಇವನ್ನೆಲ್ಲ ಒಂದೇ ಆವರಣಕ್ಕೆ ತುರುಕುವ ಆಸೆ ಈ ಬಾರಿ ಆಗಲಿಲ್ಲ. ಶುದ್ಧಮಾಡುವ ಕೆಲಸಕ್ಕೆ ಒಂದು ಪ್ರತ್ಯೇಕ ಫಂಕ್ಷನ್, ಅದಕ್ಕೊಂದು ಹೆಸರು, ಮೇಲೆ ಎರಡು ಸಾಲಿನ ವಿವರಣೆ. ಕೇಶಿರಾಜನೂ ಶಬ್ದಮಣಿದರ್ಪಣದಲ್ಲಿ ಬರಿಯ ಸೂತ್ರ ಬರೆದು ಕೈಬಿಡಲಿಲ್ಲ. ವೃತ್ತಿಯನ್ನೂ ಪ್ರಯೋಗವನ್ನೂ ಜೊತೆಗಿಟ್ಟ.

ನಾಲ್ಕು ದಿನಗಳ ಮೇಲೆ ಟೀಚರಿಗೆ ಮತ್ತೆ ಕರೆ ಮಾಡಿದಾಗ ಅವರು ತಪ್ಪಾದದ್ದು ಹೇಗೆಂದು ಕೇಳಿದರು. ಮುಚ್ಚಿಡುವುದು ಸರಿಯಲ್ಲವೆಂದು ತಿದ್ದಿದ ಸಾಲನ್ನು ನಿಧಾನವಾಗಿ ಓದಿ ಹೇಳಿದೆವು. ಅವರು ತರಗತಿಯಲ್ಲಿ ಕೇಳುವವರ ಹಾಗೆ ಒಂದೊಂದು ಶಬ್ದವನ್ನೂ ನಿಲ್ಲಿಸಿ ಕೇಳಿದರು.

“ಈ ನನ್ ಅಂದ್ರೆ ಯಾರು?”

“ಏನೂ ಬರೆಯದೆ ಬಿಟ್ಟವರು, ಟೀಚರ್.”

“ನಾನು ಬರ್ದಿದ್ದೆ ಅಲ್ವಾ ಮಗಾ.”

ಹೌದೆಂದೆವು. ಆಮೇಲೆ ಅವರು ಹಾಲಿನವನು ಈಗ ಗೇಟಿನ ಒಳಗೆ ಬರುವುದಿಲ್ಲವೆಂದೂ, ಮೇಲಿನಿಂದ ಹಗ್ಗಕ್ಕೆ ಚೀಲ ಕಟ್ಟಿ ಇಳಿಬಿಡುವುದನ್ನು ಕಲಿತಿರುವೆನೆಂದೂ ಹೇಳಿ, ಕುಕ್ಕರ್ ಕೂಗುತ್ತಿದೆಯೆಂದು ಫೋನ್ ಇಟ್ಟರು.